ಗೆದ್ದ ಮೊಮ್ಮಗನಿಗೆ ಕೋಣದ ಆರೈಕೆ

ಕಳೆದ ಸೋಮವಾರ ಬೆಳಿಗ್ಗೆ ನಾನು ನನ್ನ ಮೊಮ್ಮಗನಿಗೆ ಎರಡು ಸೇರು ಹುರುಳಿ ಬೇಯಿಸಿದೆ.

ಸೊಸೆ ಕಮಲ ಹಂಡೆಯೊಳಗೆ ಇಣುಕಿದಳು. "ಮಾವ, ಕೋಣ ಮಾರಿ ಆರು ವರ್ಷ ಆಯ್ತಲ್ಲ. ಇದು ಯಾರಿಗೆ?"

"ನಿನ್ನ ಮಗನಿಗೆ," ಎಂದೆ.

ನಗಬೇಡಿ. ಮೊದಲು ಸಂತೋಷದ ಸುದ್ದಿ ಹೇಳಿಬಿಡುತ್ತೇನೆ, ಇಲ್ಲವಾದರೆ ಎದೆ ಒಡೆದೀತು. ನಮ್ಮ ಸದಾಶಿವ, ಅತ್ತಾವರದಿಂದ ದಿನಾ ಸೈಕಲ್ ತುಳಿದು ಬಂದರಿನ ಮಂಡಿಗೆ ಕ್ಲಾರ್ಕ್ ಕೆಲಸಕ್ಕೆ ಹೋಗುವವನು, ಸುರತ್ಕಲ್‌ಗೆ ಹೋಗಿ ಬರುವ ದೊಡ್ಡ ರೇಸಿನಲ್ಲಿ ಫಸ್ಟ್ ಬಂದ! ಫಸ್ಟ್! (ನಾನು ಓದಿದ್ದು ಮೂರನೇ ಕ್ಲಾಸು. ಆದರೆ ಫಸ್ಟ್ ಎಂದರೆ ಏನೆಂದು ನನಗೆ ಯಾರೂ ಕಲಿಸಬೇಕಾಗಿಲ್ಲ.)

ಅದೂ ಎಂಥ ರೇಸು! ಕೂಳೂರಿನಲ್ಲಿ ಸೇತುವೆ ಇಲ್ಲ, ದೋಣಿಯಲ್ಲೇ ಹೊಳೆ ದಾಟಬೇಕಲ್ಲ? ವಾಪಸು ಬರುವಾಗ ನಮ್ಮವನು ಎಲ್ಲರಿಗಿಂತ ಮೊದಲು ದೋಣಿಗೆ ಬಂದ. ಬಂದು ಏನು ಪ್ರಯೋಜನ? ದೋಣಿಯವನು ಎಲೆಗೆ ಸುಣ್ಣ ಹಚ್ಚುತ್ತಾ ಕೂತಿದ್ದ.

"ರೇಸ್ ಉಂಟು ಮಾರಾಯಾ, ಬೇಗ ಬಿಡು!"

"ರೇಸ್ ನಿಮಗೆ. ನನಗೆಂತ ಅವಸರ? ದೋಣಿ ತುಂಬಲಿ."

ಹಿಂದೆ ಬಿದ್ದಿದ್ದ ಒಂಬತ್ತು ಮಂದಿಯೂ ಬಂದರು. ಇಬ್ಬರು ಮೀನಿನ ಹೆಂಗಸರೂ ಹತ್ತಿದರು. ಎಲ್ಲರೂ ಬೆಲ್ಲ ಹಂಚಿಕೊಂಡು ತಿನ್ನುತ್ತಾ ಹೊಳೆ ದಾಟಿದರಂತೆ. ದಡ ಮುಟ್ಟಿದ್ದೇ ಮತ್ತೆ ಶತ್ರುಗಳು! ನಮ್ಮವನು ಅಲ್ಲಿಂದ ಇನ್ನೊಮ್ಮೆ ಎಲ್ಲರನ್ನೂ ಹಿಂದೆ ಹಾಕಿದ. ಒಂದೇ ರೇಸನ್ನು ಎರಡು ಸಲ ಗೆದ್ದವರನ್ನು ನೀವು ಕಂಡಿದ್ದೀರಾ?

ಗೆದ್ದು ಬಂದವನು ಸೈಕಲನ್ನು ಗೋಡೆಗೆ ಒರಗಿಸಿದ. ಅದು ಅಲ್ಲೇ ಉಳಿಯಿತು. ಒಂದು ವಾರ. ಎರಡು ವಾರ. ಮಂಡಿಗೆ ನಡೆದೇ ಹೋಗುತ್ತಾನೆ! ಮುಂದಿನ ತಿಂಗಳು ಉಡುಪಿಯ ರೇಸು ಬೇರೆ.

"ಹೋಗುವುದಿಲ್ಲವಾ?" ಎಂದು ಕೇಳಿದೆ.

"ಮನಸ್ಸಿಲ್ಲ ಅಜ್ಜಾ."

ನಾನು ಮೂವತ್ತು ವರ್ಷ ಕಂಬಳಕ್ಕೆ ಕೋಣ ಓಡಿಸಿದವನು. ಕೆಸರುಗದ್ದೆಯಲ್ಲಿ ಗೆದ್ದ ಕೋಣ ಮರುದಿನ ಮಂಕಾಗಿ ನಿಲ್ಲುವುದನ್ನು ಎಷ್ಟು ಕಂಡಿಲ್ಲ? ಮದ್ದು ನನಗೆ ಬಾಯಿಪಾಠ. ಹುರುಳಿ ತಿನ್ನಿಸಬೇಕು, ಎಣ್ಣೆ ತಿಕ್ಕಬೇಕು, ಕೆರೆಯಲ್ಲಿ ಈಜಿಸಬೇಕು, ಸಂಜೆ ಮೆಲ್ಲ ನಡೆಸಬೇಕು. ಎರಡು ಕಾಲಿನವನಿಗೆ ಬೇರೆ ಮದ್ದು ಯಾಕೆ?

ಹುರುಳಿ ತಿಂದ. (ಒಂದು ಬಟ್ಟಲು. ಉಳಿದದ್ದನ್ನು ನಾವು ಮೂರು ದಿನ ತಿಂದೆವು.) ಎಣ್ಣೆ ತಿಕ್ಕಿಸಿಕೊಂಡ. ಆದರೆ ಕಂಬಳದ ಕೋಣಗಳು ಜೋಡಿ. ಒಂದಕ್ಕೆ ಎಣ್ಣೆ ಹಚ್ಚಿ ಇನ್ನೊಂದನ್ನು ಬಿಟ್ಟರೆ ಅದು ಮುನಿಯುತ್ತದೆ. ಹಾಗಾಗಿ ಸೈಕಲಿಗೂ ಧಾರಾಳವಾಗಿ ತೆಂಗಿನೆಣ್ಣೆ ತಿಕ್ಕಿದೆ. ಚಕ್ರದ ಬಳೆಗೆ, ಬ್ರೇಕಿನ ರಬ್ಬರಿಗೆ, ಯಾವುದಕ್ಕೂ ಬೇಸರ ಆಗದ ಹಾಗೆ.

ಸಂಜೆ ಬಲವಂತದಿಂದ ಹತ್ತಿಸಿ, "ಮೆಲ್ಲ ಹೋಗು, ಓಡಿಸಬೇಡ," ಎಂದು ಕಳಿಸಿದೆ.

ಹಂಪನಕಟ್ಟೆಯಿಂದ ಇಳಿಜಾರಿನಲ್ಲಿ ಬರುವಾಗ ಬ್ರೇಕ್ ಹಿಡಿದನಂತೆ. ಸೈಕಲ್ ನಿಲ್ಲಬೇಕಲ್ಲ? ಬೊಬ್ಬೆ ಹಾಕುತ್ತಾ ಬಂದರಿನವರೆಗೆ ಹೋಗಿ, ಒಣಗಲು ಹಾಕಿದ್ದ ಬಲೆಯೊಳಗೆ ನುಗ್ಗಿ ನಿಂತ. ಬೆಂಗ್ರೆಯ ಮೀನುಗಾರರು ಓಡಿ ಬಂದು ಬಿಡಿಸಿದರು. ಪುಣ್ಯಕ್ಕೆ ಮೊಣಕೈ ಮಾತ್ರ ತರಚಿತ್ತು.

ಮನೆಗೆ ಬಂದವನ ತಲೆಗೂದಲಲ್ಲಿ ಒಣಮೀನಿನ ಬಾಲವೊಂದು ಸಿಕ್ಕಿಕೊಂಡಿತ್ತು. ಎಣ್ಣೆಗೆ ಬೈಯುತ್ತಾನೆ ಎಂದುಕೊಂಡೆ.

"ಬಲೆಯಿಂದ ತಲೆ ಹೊರಗೆ ಹಾಕುವ ಮೊದಲೇ ಅವರು ಎಂತ ಕೇಳಿದ್ದು ಗೊತ್ತುಂಟಾ ಅಜ್ಜಾ? 'ಓ, ಸೈಕಲಿನ ಸದಾಶಿವ! ಉಡುಪಿಯದ್ದೂ ನಿಮಗೇ ಅಂತೆ ಅಲ್ಲವಾ?' ಕ್ಷೌರದವನೂ ಅದೇ ಕೇಳ್ತಾನೆ, ಅಂಚೆಯವನೂ ಅದೇ. ಮೊದಲು ಸೋತರೆ ನಾನೊಬ್ಬನೇ ಸೋಲುವುದಿತ್ತು. ಈಗ ಸೋತರೆ ಇಡೀ ಊರಿಗೆ ಉತ್ತರ ಕೊಡಬೇಕು. ಯಾರು ಹೇಳಿದ್ದು ಇವರಿಗೆಲ್ಲ?"

ಕಮಲ ನನ್ನ ಮುಖ ನೋಡಿದಳು.

ಹೇಳಿದವನು ನಾನೇ. ರೇಸಿನಲ್ಲಿ ಅವನಿಗೆ ಸಿಕ್ಕಿದ ಕಪ್ಪನ್ನು ಚೀಲದಲ್ಲಿಟ್ಟುಕೊಂಡು ಮನೆಮನೆಗೆ ಹೋಗಿ ಹೇಳಿದ್ದೇನೆ. ಬೆಂಗ್ರೆಗೆ ದೋಣಿ ಹತ್ತಿ ಹೋಗಿ ಹೇಳಿದ್ದೇನೆ. (ಅಲ್ಲಿ ನನಗೆ ಬೇರೆ ಕೆಲಸವೇನೂ ಇರಲಿಲ್ಲ.)

ಆ ಹೊತ್ತಿಗೆ ನನಗೆ ಹೊಳೆಯಿತು. ನನ್ನ ಕೋಣಗಳು ಗೆದ್ದ ಮೇಲೂ ಯಾಕೆ ಓಡುತ್ತಿದ್ದವು? ಗೆದ್ದದ್ದು ಅವುಗಳಿಗೆ ಗೊತ್ತೇ ಇರಲಿಲ್ಲ! ಕಾಲು ನೋವು ಅವುಗಳದ್ದು, ಕುಣಿತ ನನ್ನದು. ದಿನಾ ಅದನ್ನೇ ಕಿವಿಯಲ್ಲಿ ಊದಿದ್ದರೆ ಅವೂ ಗದ್ದೆಗೆ ಇಳಿಯುತ್ತಿರಲಿಲ್ಲವೋ ಏನೋ.

"ಇನ್ನು ರೇಸಿನ ಮಾತೇ ಎತ್ತುವುದಿಲ್ಲ," ಎಂದು ಅವನ ಕೈಹಿಡಿದು ಹೇಳಿದೆ.

"ನೀವಾ?" ಎಂದ. ನಕ್ಕ. ಎರಡು ವಾರದಲ್ಲಿ ಮೊದಲ ನಗು.

ಮರುದಿನ ಬೆಳಿಗ್ಗೆ ಬೂದಿ ಹಾಕಿ ಸೈಕಲಿನ ಎಣ್ಣೆ ತಿಕ್ಕಿ ತೆಗೆದ. ನಾಲ್ಕು ದಿನದಿಂದ ಕೂಳೂರಿನವರೆಗೆ ತುಳಿದು ಬರುತ್ತಿದ್ದಾನೆ. ಎಷ್ಟು ಹೊತ್ತಾಯಿತು ಎಂದು ನಾನು ಕೇಳಿಲ್ಲ. ಹೊಟ್ಟೆ ಉಬ್ಬಿ ಹೋಗಿದೆ, ಆದರೂ ಕೇಳಿಲ್ಲ.

ಈಗ ನಿಮ್ಮ ಕೆಲಸ. ರಸ್ತೆಯಲ್ಲಿ ಅವನು ಕಂಡರೆ ಚಪ್ಪಾಳೆ ಬೇಡ, ಉಡುಪಿಯ ವಿಚಾರ ಬೇಡ. ಯಾವನೋ ಕ್ಲಾರ್ಕು ಮಂಡಿಗೆ ಹೋಗುತ್ತಿದ್ದಾನೆ, ಅಷ್ಟೇ. ಅವನು ಫಸ್ಟ್ ಬಂದದ್ದು ನಿಮಗೆ ಯಾರಿಗೂ ಗೊತ್ತಿಲ್ಲ. ಗೊತ್ತಾಯಿತಲ್ಲ?