ಎರಡು ಸಾವಿರಕ್ಕೆ ಎರಡೇ ಕಡಿಮೆ

ಮಸ್ಕಿಯ ಟೇಲರ್ ನಾಸೀರ್ ಹನ್ನೆರಡು ವರ್ಷ ಮೊಬೈಲಿನಲ್ಲಿ ಚೆಸ್ ಆಡಿದವನು. ಅವನ ರೇಟಿಂಗ್ ಎರಡು ಸಾವಿರಕ್ಕೆ ಎರಡೇ ಕಡಿಮೆ. ಗುಂಡಿಯ ಕಾಜಾ ಹೊಲಿಯುತ್ತಲೇ ಕುದುರೆ ನಡೆಸುವ ಪಾಠ ಕೇಳುತ್ತಾನೆ, ಅಂಗಿಯ ಅಳತೆ ಬರೆಯುವ ಪುಸ್ತಕದಲ್ಲಿ ಹಳೆಯ ಸೋಲುಗಳನ್ನೆಲ್ಲ ಬರೆದಿಟ್ಟಿದ್ದಾನೆ. ಹೊಸ ಆಟಕ್ಕೆ ಮಾತ್ರ ಎಂಟು ತಿಂಗಳಿಂದ ಕೈ ಹಾಕಿಲ್ಲ. ಯಾಕೆಂದು ಕೇಳಿದರೆ, ಲಿಂಗಸುಗೂರಿನ ಬಸ್ಸಿನಲ್ಲಿ ಸಿಗ್ನಲ್ ಇರದು, ಅಂಗಡಿಯಲ್ಲಿ ಕರೆಂಟು ನಿಲ್ಲದು ಎನ್ನುತ್ತಾನೆ. "ಎಂಟು ತಿಂಗಳಾತು, ಬರೇ ಅಳತೀನ ತಗೊಳ್ಳಾಕತ್ತೀರಿ. ಅಂಗಿ ಯಾವಾಗ ಹೊಲಿತೀರಿ?" ಎಂದು ಹೆಂಡತಿ ವಸೀಮಾ ಕೆಣಕಿದರೆ, "ಕತ್ತರಿ ತಪ್ಪಿದ್ರ ಅರಿವೀನ ಹಾಳಾಗ್ತೈತಲೇ" ಎಂದು ಮೊಬೈಲು ಮಗುಚಿಡುತ್ತಾನೆ. ತಾನು ಗೆದ್ದ ಕೊನೆಯ ಆಟವನ್ನು ಅವನು ದಿನಾ ತೆರೆದು ನೋಡುತ್ತಾನೆ, ಅವಳಿಗೂ ತೋರಿಸಿಲ್ಲ. ಅದರಲ್ಲಿ ಮುಂದಿನ ನಡೆಗೇ ನಾಸೀರನ ರಾಜ ಸಿಕ್ಕಿಬೀಳುವುದಿತ್ತು. ಅಷ್ಟರಲ್ಲಿ ಎದುರಾಳಿಯ ಸಿಗ್ನಲ್ ಹೋಗಿತ್ತು.