ಸ್ಟೀರಿಂಗಿಗೆ ಇಟ್ಟ ಕುಂಕುಮ

ನನಗೆ ಸುಮ್ಮನೆ ಕೂರಲು ಬರುವುದಿಲ್ಲ. ಮೀಟಿಂಗಿನಲ್ಲಿ ಕಾಲು ಕುಣಿಸುತ್ತೇನೆ, ಊಟಕ್ಕೆ ಕೂತರೆ ಉಪ್ಪಿನ ಡಬ್ಬಿಯ ಮುಚ್ಚಳ ತಿರುಗಿಸುತ್ತಿರುತ್ತೇನೆ. ‘ನಿಂತಲ್ಲಿ ನಿಲ್ಲಾಕಿಲ್ಲ, ಕುಂತಲ್ಲಿ ಕೂರಾಕಿಲ್ಲ’ ಎಂದು ಅಮ್ಮ ಬೈಯಲು ಶುರುಮಾಡಿ ಅರ್ಧ ಶತಮಾನವಾಯಿತು. ಇಂಥವನಿಗೆ ಹಳೆಯ ಕಾರೊಂದು ಸಿಕ್ಕಿದರೆ ಏನಾಗಬೇಕೋ ಅದೇ ಆಯಿತು. ಮಂಗನ ಕೈಗೆ ಮಾಣಿಕ್ಯ.

ಅದು ಅರವತ್ತರ ದಶಕದ ಕೊನೆಯ ಅಮೆರಿಕನ್ ಕಾರು. ಎರಡೇ ಬಾಗಿಲು, ಉದ್ದನೆಯ ಮೂತಿ, ಎಂಟು ಸಿಲಿಂಡರಿನ ಎಂಜಿನ್ನು. ಇಲ್ಲಿಯವರು ಮಸಲ್ ಕಾರು ಎನ್ನುತ್ತಾರೆ, ಹೆಸರಿಗೆ ತಕ್ಕ ಹಾಗೆ ಪೈಲ್ವಾನನ ಬುದ್ಧಿ. ಕಾಲೊತ್ತಿದರೆ ನೆಟ್ಟಗೆ ನುಗ್ಗುತ್ತದೆ, ತಿರುಗು ಎಂದರೆ ತಿರುಗುವುದಿಲ್ಲ, ನಿಲ್ಲು ಎಂದರೆ ನಿಲ್ಲುವುದಿಲ್ಲ. ಅದಕ್ಕೆ ತಿರುಗುವುದನ್ನೂ ನಿಲ್ಲುವುದನ್ನೂ ಕಲಿಸಿ, ಅಂಕುಡೊಂಕಿನ ಟ್ರ್ಯಾಕಿನಲ್ಲಿ ಓಡಿಸಬೇಕು ಎನ್ನುವುದು ನನ್ನ ಹುಚ್ಚು. ನನ್ನಂಥ ಆಫೀಸಿನ ಜನ ಶನಿವಾರ ಭಾನುವಾರ ಸೇರಿ, ಬಹುಮಾನ ಗಿಹುಮಾನದ ಆಸೆಯಿಲ್ಲದೆ ಓಡಿಸುವ ರೇಸುಗಳು ಇಲ್ಲಿ ಬೇಕಾದಷ್ಟಿವೆ.

ಕಲಿಸಿದೆ ಕೂಡ. ಎವರ್‌ಗ್ರೀನ್ ಬಡಾವಣೆಯ ನಮ್ಮ ಮನೆಯ ಗರಾಜಿನಲ್ಲಿ ಹಳೆಯ ಬ್ರೇಕು ತೆಗೆದು ಡಿಸ್ಕ್ ಬ್ರೇಕು ಹಾಕಿದೆ. ಸ್ಪ್ರಿಂಗು ಬದಲಾಯಿಸಿದೆ. ಕಾರು ಮಗುಚಿದರೂ ತಲೆ ಉಳಿಯಲಿ ಎಂದು ಒಳಗೆ ಕಬ್ಬಿಣದ ಪಂಜರ ಬೆಸೆಸಿದೆ. ಆ ಪಂಜರದೊಳಗೆ ನನ್ನ ಹೊಟ್ಟೆ ಹೋಗಿಬರಬೇಕಾದರೆ ಸ್ಟೀರಿಂಗು ಅಡ್ಡ ಬರುತ್ತದೆ. ಹಾಗಾಗಿ ರೇಸಿನವರ ಪದ್ಧತಿಯಂತೆ, ಕೈಯಲ್ಲೇ ಎಳೆದರೆ ಕಳಚಿ ಬರುವ ಸ್ಟೀರಿಂಗು ಹಾಕಿಸಿದೆ. ಹತ್ತುವಾಗ ಸಿಕ್ಕಿಸಿಕೊಳ್ಳುವುದು, ಇಳಿಯುವಾಗ ಕಳಚಿ ಪಂಜರದ ಕೊಕ್ಕೆಗೆ ನೇತುಹಾಕುವುದು. ಎರಡನೇ ವರ್ಷದ ಕೊನೆಗೆ ಕಾರು ಸಿದ್ಧವಾಗಿತ್ತು.

ಆದರೆ ಎಂಜಿನ್ನಿನಡಿ ಒಂದು ತೊಟ್ಟು ಆಯಿಲು ಕಂಡಿತು. ಎಂಜಿನ್ನು ಇಳಿಸಿದೆ. ಇಳಿಸಿದ್ದೇನೋ ಆಯಿತು, ಗೇರ್‌ಬಾಕ್ಸನ್ನೂ ನೋಡಿಬಿಡೋಣ ಎಂದುಕೊಂಡೆ. ಅದು ಮುಗಿಯುವಷ್ಟರಲ್ಲಿ ಹಿಂದಿನ ಆಕ್ಸಲ್ಲಿನ ಮೇಲೆ ಅನುಮಾನ ಬಂತು. ಬರ್ಕ್ಲಿಯಲ್ಲಿ ಓದುವ ಮಗಳು ರಜಕ್ಕೆ ಬಂದಾಗಲೆಲ್ಲ ಕಾರು ಒಂದೊಂದು ಕಡೆ ಬಿಚ್ಚಿಕೊಂಡಿರುತ್ತಿತ್ತು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಗೆ ಮಾತ್ರ ಬರುವುದಿಲ್ಲ. “ಅಪ್ಪಾ, ಜಸ್ಟ್ ಡ್ರೈವ್ ಇಟ್” ಎಂದು ಹೇಳಿ ಫ್ರಿಜ್ಜಿನ ಕಡೆ ಹೋಗುತ್ತಿದ್ದಳು.

ನಾಲ್ಕನೆಯ ವರ್ಷ ನನ್ನ ಹೆಂಡತಿಯ ತಾಳ್ಮೆ ಮುಗಿಯಿತು. ಅವಳು ಮೈಸೂರಿನವಳು, ಮಕ್ಕಳ ಡಾಕ್ಟರು, ಅಳುವ ಕೂಸಿಗೂ ಗದರದ ಹೆಂಗಸು. ಒಂದು ಬೆಳಿಗ್ಗೆ ಕಾಫಿ ಲೋಟ ಹಿಡಿದು ಗರಾಜಿಗೆ ಬಂದು, ನಾನು ಮೂರನೇ ಸಲ ಬಿಚ್ಚಿದ ಕಾರ್ಬ್ಯುರೇಟರನ್ನು ನೋಡಿದಳು.

“ನೋಡಿ, ಈ ದಸರಾ ಮುಗಿಯೋದ್ರೊಳಗೆ ಟ್ರ್ಯಾಕಲ್ಲಿ ಓಡಿಸಿ, ಆ ರೇಸ್ ಲೈಸೆನ್ಸಿಗೆ ಸೈನು ತಗೊಂಡು ಬನ್ನಿ. ಇಲ್ಲಾಂದ್ರೆ ಸೆಲ್ ಮಾಡಿಬಿಡೋಣ. ಐ ಆಮ್ ಸೀರಿಯಸ್.”

ರೇಸಿಗೆ ಇಳಿಯುವ ಮೊದಲು, ಪಳಗಿದ ಚಾಲಕನೊಬ್ಬ ಪಕ್ಕದಲ್ಲಿ ಕೂತು ನಮ್ಮ ಓಟ ನೋಡಿ ಸಹಿ ಹಾಕಬೇಕು. ಸೊನೋಮಾ ಕಡೆಯ ಗುಡ್ಡಗಳ ನಡುವಿನ ಟ್ರ್ಯಾಕಿನಲ್ಲಿ ಆ ವರ್ಷದ ಕೊನೆಯ ಪರೀಕ್ಷೆ ಇದ್ದದ್ದು ವಿಜಯದಶಮಿಯ ದಿನವೇ. ಆಗಲಿ ಎಂದೆ.

ಹಿಂದಿನ ದಿನ ಆಯುಧಪೂಜೆ. ನಮ್ಮ ಜೊತೆಯಲ್ಲೇ ಇರುವ ನಮ್ಮಮ್ಮ ಮಂಡ್ಯ ಕಡೆಯವಳು. ಹಬ್ಬದ ವಿಷಯದಲ್ಲಿ ಅವಳ ಹತ್ತಿರ ಅಮೆರಿಕದ ಆಟ ನಡೆಯುವುದಿಲ್ಲ. ನನ್ನ ಸ್ಪ್ಯಾನರು, ಸುತ್ತಿಗೆ, ಕಟಿಂಗ್ ಪ್ಲೇಯರು ಎಲ್ಲವನ್ನೂ ತೊಳೆಸಿ, ದೇವರ ಮನೆಯಲ್ಲಿ ಅಡುಗೆಮನೆಯ ಈಳಿಗೆಮಣೆಯ ಪಕ್ಕ ಜೋಡಿಸಿದಳು. ಕಾರಿಗೆ ಚೆಂಡುಹೂವಿನ ಹಾರ ಬಿತ್ತು. ಗ್ರೋಸರಿಯಿಂದ ತಂದ ಬೂದುಗುಂಬಳ ಡ್ರೈವ್‌ವೇಯಲ್ಲಿ ಒಡೆಯಿತು. ಎದುರುಮನೆಯವನು ನಾಯಿಯನ್ನು ಹತ್ತಿರಕ್ಕೆ ಎಳೆದುಕೊಂಡು ಬೇಗ ಬೇಗ ದಾಟಿಹೋದ. ಚಕ್ರದ ಕೆಳಗಿಟ್ಟ ನಿಂಬೆಹಣ್ಣುಗಳನ್ನು ಚಚ್ಚಿಕೊಂಡು ಕಾರು ನೇರ ಟ್ರೇಲರಿನ ಮೇಲೆ ಹತ್ತಿತು. ನಾನು ಸ್ಟೀರಿಂಗು ಕಳಚಿ ಇಳಿದೆ.

ಇಳಿದವನು ಅದನ್ನು ಕೊಕ್ಕೆಗೆ ಹಾಕಬೇಕಿತ್ತು. ಆದರೆ ಮುಂದಿನ ಎಡ ಚಕ್ರದ ಬೋಲ್ಟುಗಳು ಸಡಿಲವಿರಬಹುದು ಎಂಬ ಅನುಮಾನ ಅದೇ ಕ್ಷಣಕ್ಕೆ ಬಂತು. ಸ್ಟೀರಿಂಗನ್ನು ಗರಾಜಿನ ಬೆಂಚಿನ ಮೇಲೆ ಬಿಸಾಕಿ, ಸ್ಪ್ಯಾನರಿಗಾಗಿ ದೇವರ ಮನೆಗೆ ಓಡಿದೆ. ಅಮ್ಮ ಬಾಗಿಲಲ್ಲೇ ತಡೆದಳು.

“ಪೂಜೆಗಿಟ್ಟಿರೋದ ಮುಟ್ಬ್ಯಾಡ ಕಣ್ಲಾ. ನಾಳೆ ನಾನು ಎದ್ದು, ಮಿಂದು, ಕದಲಿಸ್ತೀನಿ. ಆಮ್ಯಾಕೆ ಅದೇನ್ ಬಿಚ್ತೀಯೋ ಬಿಚ್ಕೋ.”

“ಒಂದೇ ಒಂದು ಬೋಲ್ಟು ನೋಡಬೇಕಮ್ಮ.”

“ಒಂದಿನ ನಿನ್ ಕೈಗೂ ರಜಾ ಕೊಡು. ಅವೂ ಪೂಜೆಗೆ ಕುಂತವೆ ಅನ್ಕೋ.”

ಆ ಸಂಜೆ ನಾನು ಪಟ್ಟ ಪಾಡು ಹೇಳಬಾರದು. ಟ್ರೇಲರಿನ ಸುತ್ತ ಸುತ್ತಿದೆ. ಬೋಲ್ಟುಗಳನ್ನು ಬೆರಳಲ್ಲೇ ತಿರುಗಿಸಲು ನೋಡಿದೆ, ಒಂದೂ ಜಗ್ಗಲಿಲ್ಲ. ಆದರೂ ಸಮಾಧಾನವಿಲ್ಲ. ನಾಳೆ ಟ್ರ್ಯಾಕಿನಲ್ಲಿ ಯಾರದಾದರೂ ಸ್ಪ್ಯಾನರು ಕೇಳಿದರಾಯಿತು ಎಂದು ಕಾರಿಗೆ ಹೊದಿಕೆ ಎಳೆದೆ. ಬೆಳಿಗ್ಗೆ ಮನೆಯವರೆಲ್ಲ ಮಲಗಿರುವಾಗಲೇ ಟ್ರೇಲರನ್ನು ಪಿಕಪ್ಪಿಗೆ ಸಿಕ್ಕಿಸಿಕೊಂಡು ಹೊರಟೆ. ಸ್ನಾನವಾಗಿರಲಿಲ್ಲ, ಹಾಗಾಗಿ ದೇವರ ಮನೆಗೆ ಇಣುಕಲಿಲ್ಲ, ಹೊರಗಿನಿಂದಲೇ ಕೈಮುಗಿದೆ. ಫ್ರೀವೇ ಉದ್ದಕ್ಕೂ ಕನ್ನಡಿಯಲ್ಲಿ ಟ್ರೇಲರನ್ನೇ ನೋಡುತ್ತಿದ್ದೆ.

ಟ್ರ್ಯಾಕು ತಲುಪಿ ಹೊದಿಕೆ ತೆಗೆದಾಗ ಕೊಕ್ಕೆ ಖಾಲಿ. ಸ್ಟೀರಿಂಗು ಇರಬೇಕಾದ ಕಡೆ ಬೋಳು ಸರಳೊಂದು ನನ್ನ ಮುಖ ನೋಡುತ್ತಿತ್ತು.

ಮನೆಗೆ ಫೋನು ಮಾಡಿದೆ. ಹೆಂಡತಿ ಗರಾಜಿಗೆ ಹೋಗಿ ಹುಡುಕಿದಳು, ಬೆಂಚಿನ ಮೇಲಿಲ್ಲ. ಬೆಂಚಿನಡಿ, ಡಬ್ಬಗಳ ಹಿಂದೆ, ಎಲ್ಲೂ ಇಲ್ಲ. ಆಮೇಲೆ ಫೋನಿನಲ್ಲಿ ಅವಳ ಹೆಜ್ಜೆ ಸಪ್ಪಳ, ಒಂದು ಬಾಗಿಲು ತೆಗೆದ ಸದ್ದು, ಕೊನೆಗೆ ಒಂದು ನಿಟ್ಟುಸಿರು ಕೇಳಿಸಿತು.

“ದೇವರ ಮನೇಲಿದೆ. ಅತ್ತೆ ಇಟ್ಟಿದಾರೆ. ಕುಂಕುಮ, ಹೂವು ಎಲ್ಲಾ ಆಗಿದೆ.”

ಹಿಂದಿನಿಂದ ಅಮ್ಮನ ದನಿ ಬಂತು. “ಎಲ್ಲಕ್ಕೂ ಕುಂಕುಮ ಇಕ್ಕಿ, ಅದೊಂದನ್ನ ಅಂಗೇ ಬಿಡಾಕಾಯ್ತದಾ? ಪರದೇಸಿ ಅಂಗೆ ಬಿದ್ದಿತ್ತು ಬೆಂಚಿನ್ ಮ್ಯಾಲೆ.”

ಆಗ ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಎದೆಯ ಮೇಲಿಂದ ಏನೋ ಇಳಿದ ಹಾಗಾಯಿತು. ಇವತ್ತು ಓಡಿಸುವುದು ಬೇಡ, ತಪ್ಪು ನನ್ನದೂ ಅಲ್ಲ. ಹಾಗನ್ನಿಸಿದ್ದೇ ತಡ, ನನಗೆ ನನ್ನ ಮೇಲೇ ಹೇಸಿಗೆಯಾಯಿತು. ಈ ಎರಡು ವರ್ಷ ನಾನು ಬಿಚ್ಚಿದ್ದು ಆಯಿಲು ಸೋರಿತೆಂದಲ್ಲ. ಸಿದ್ಧವಾದ ಕಾರಿನಲ್ಲಿ ನಾನು ಕೂರಬೇಕಾಗುತ್ತದೆ, ಕೂತ ಮೇಲೆ ಓಡಿಸಲು ಬರುತ್ತದೋ ಇಲ್ಲವೋ ಗೊತ್ತಾಗಿಹೋಗುತ್ತದೆ. ನನಗೆ ಹೆದರಿಕೆಯಾಗಿತ್ತು, ಅಷ್ಟೇ.

ಹೆಂಡತಿ ಇನ್ನೂ ಫೋನಿನಲ್ಲಿದ್ದಳು. ‘ಸರಿ, ಹಾಗಾದ್ರೆ ಮಾರೋಣ’ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಗರಾಜು ಅವಳಿಗೆ ವಾಪಸ್ಸು ಸಿಗುತ್ತಿತ್ತು.

“ಅತ್ತೆ ಸ್ನಾನಕ್ಕೆ ಹೋಗ್ತಿದಾರೆ. ಕದಲಿಸಿದ ತಕ್ಷಣ ತಗೊಂಡು ಬರ್ತೀನಿ. ನೀವು ಅಲ್ಲೇ ಇರಿ, ಏನೂ ಬಿಚ್ಚಬೇಡಿ” ಎಂದಳು.

ನನ್ನನ್ನು ಪರೀಕ್ಷಿಸಬೇಕಾಗಿದ್ದವನು ಬೆಳ್ಳಗಿನ ಮೀಸೆಯ, ನಿಧಾನದ ಮನುಷ್ಯ. ಬೋಳು ಸರಳನ್ನು ನೋಡಿ, ಸ್ಟೀರಿಂಗು ಎಲ್ಲಿ ಎಂದು ಕೇಳಿದ. ಮನೆಯಲ್ಲಿ ದೇವರ ಮುಂದಿದೆ, ಅಮ್ಮ ಪೂಜೆ ಮುಗಿಸಿದ ಮೇಲೆ ಬರುತ್ತದೆ ಎಂದೆ. ತಮಾಷೆಯೆಂದು ತಿಳಿದು ನಕ್ಕ. ನನ್ನ ಮುಖ ನೋಡಿ ನಗು ನಿಲ್ಲಿಸಿದ. ಪಕ್ಕದ ತಂಡದವರು ತಮ್ಮದೊಂದು ಕೊಡಲು ಬಂದರು, ಅದರ ಹಲ್ಲು ನನ್ನ ಸರಳಿಗೆ ಕೂರಲಿಲ್ಲ. ಬೆಳಗಿನ ಸರದಿಗಳು ಹೋದವು. ಮಧ್ಯಾಹ್ನದ ಕೊನೆಯ ಸರದಿ ಒಂದೇ ಉಳಿದಿದೆ, ಅದರಲ್ಲಿ ಚೆನ್ನಾಗಿ ಓಡಿಸಿದರೆ ಮಾತ್ರ ಸಹಿ ಎಂದ. ಸ್ಪ್ಯಾನರು ಕೇಳಿದರೆ ಯಾರಾದರೂ ಕೊಡುತ್ತಿದ್ದರು. ನಾನು ಕೇಳಲಿಲ್ಲ. ಜೇಬಿಗೆ ಕೈ ತುರುಕಿಕೊಂಡು ಗೇಟಿಗೂ ಕಾರಿಗೂ ನಡೆದೆ.

ಊಟದ ಹೊತ್ತು ದಾಟಿದ ಮೇಲೆ ನಮ್ಮ ಮನೆಯ ಗಾಡಿ ಧೂಳೆಬ್ಬಿಸಿಕೊಂಡು ಬಂತು. ಅಮ್ಮ ರೇಷ್ಮೆ ಸೀರೆಯುಟ್ಟು ಮುಂದಿನ ಸೀಟಿನಲ್ಲಿ ಕೂತಿದ್ದಳು. ಅವಳ ತೊಡೆಯ ಮೇಲೆ ಬಿಳಿ ಟವೆಲ್ಲಿನಲ್ಲಿ ಸುತ್ತಿದ ಸ್ಟೀರಿಂಗು. ಹೆಂಡತಿ ಅದನ್ನು ತೆಗೆದುಕೊಂಡು ನನ್ನ ಕೈಗಿಟ್ಟಳು.

“ಮಾರಿಬಿಡೋಣ ಅಂತೀಯ ಅಂದ್ಕೊಂಡಿದ್ದೆ” ಎಂದೆ.

“ನಂಗೆ ಕಾರು ಹೋಗೋದು ಬೇಕಾಗಿರಲಿಲ್ಲ ರೀ. ನೀವು ಮುಗಿಸೋದು ಬೇಕಾಗಿತ್ತು.” ಕಣ್ಣು ಬೇರೆ ಕಡೆ ತಿರುಗಿಸಿ, “ಬೇಗ ಹೋಗಿ, ನಿಮ್ಮ ಮೀಸೆ ಮಾಮ ವಾಚು ನೋಡ್ತಿದಾನೆ” ಎಂದಳು.

ಸಿಕ್ಕಿಸಿದೆ, ಟಕ್ಕೆಂದು ಕೂತಿತು. ಸ್ಟೀರಿಂಗಿನ ನೆತ್ತಿಯ ಸರಿಯಾಗಿ ಮಧ್ಯಕ್ಕೆ, ಅಮ್ಮ ಎಣ್ಣೆಯಲ್ಲಿ ಕಲಸಿ ಇಟ್ಟ ಕುಂಕುಮದ ಬೊಟ್ಟು ದಪ್ಪಗೆ ಅಂಟಿಕೊಂಡಿತ್ತು. ಒರೆಸಲು ಹೋದೆ. ಪಕ್ಕದಲ್ಲಿ ಬೆಲ್ಟು ಬಿಗಿದುಕೊಳ್ಳುತ್ತಿದ್ದ ಮೀಸೆಯವನು ಕೈ ಹಿಡಿದ. ಇರಲಿ ಬಿಡು, ನಾವೆಲ್ಲ ಅಲ್ಲಿಗೆ ಟೇಪು ಅಂಟಿಸುತ್ತೇವೆ, ಚಕ್ರ ನೆಟ್ಟಗಿದೆಯೋ ಇಲ್ಲವೋ ತಿಳಿಯುವುದಕ್ಕೆ, ನಿಮ್ಮಮ್ಮನಿಗೆ ಯಾರು ಹೇಳಿಕೊಟ್ಟರು ಎಂದು ಕೇಳಿದ.

ಮೊದಲ ಸುತ್ತು ನಾಚಿಕೆಗೇಡು. ಎಂಜಿನ್ನು ಕಿವಿ ಕೀಳುತ್ತಿತ್ತು, ಇಳಿಜಾರಿನ ತಿರುವಿನಲ್ಲಿ ಹಿಂಬದಿ ಜಾರಿತು, ನೇರ ರಸ್ತೆಯಲ್ಲೂ ನನ್ನ ಕೈ ಸುಮ್ಮನಿರದೆ ಅತ್ತ ಒಂದಿಷ್ಟು, ಇತ್ತ ಒಂದಿಷ್ಟು ತಿದ್ದುತ್ತಲೇ ಇತ್ತು. ಹೆಲ್ಮೆಟ್ಟಿನೊಳಗಿಂದ ಅವನ ದನಿ ಬಂತು. ಆ ಕೆಂಪು ಬೊಟ್ಟು ನೋಡು, ಸೊಳ್ಳೆಯ ಹಾಗೆ ಹಾರಾಡುತ್ತಿದೆ. ಕಾರಿಗೆ ಒಂದು ಸಲ ಹೇಳು. ಹೇಳಿ ಸುಮ್ಮನಿರು. ತಿರುವು ಮುಗಿದ ಮೇಲೆ ಬೊಟ್ಟು ತಾನೇ ಮೇಲಕ್ಕೆ ಬರುತ್ತದೆ.

ಸುಮ್ಮನಿರುವುದು! ಐವತ್ತು ವರ್ಷದಲ್ಲಿ ಆಗದ್ದು. ಆದರೂ ಮುಂದಿನ ತಿರುವಿನಲ್ಲಿ ಒಂದು ಸಲ ತಿರುಗಿಸಿ, ಹಲ್ಲು ಕಚ್ಚಿಕೊಂಡು, ತಿದ್ದುವುದನ್ನು ಬಿಟ್ಟೆ. ಬೊಟ್ಟು ಪಕ್ಕಕ್ಕೆ ಹೊರಳಿತು, ಅಲ್ಲೇ ನಿಂತಿತು, ನಿಧಾನವಾಗಿ ನೆತ್ತಿಗೆ ಬಂತು. ನೆಟ್ಟಗೆ ಓಡುವುದಕ್ಕೆಂದೇ ಹುಟ್ಟಿದ ಕಾರು ತಿರುವು ದಾಟಿತ್ತು. ಆಮೇಲೆ ಎಷ್ಟು ಸುತ್ತು ಓಡಿಸಿದೆನೋ ನನಗೆ ತಿಳಿಯದು. ಒಂದು ಸಲವೂ ಎಡ ಚಕ್ರದ ಬೋಲ್ಟು ನೆನಪಾಗಲಿಲ್ಲ. ಸಂತೋಷವಾಗಿದ್ದೆ.

ಇಳಿದ ಮೇಲೆ ಅವನು ಬಾನೆಟ್ಟನ್ನೇ ಮೇಜು ಮಾಡಿಕೊಂಡು ಸಹಿ ಹಾಕಿದ. ಹೆಂಡತಿ ಕಾಗದ ನೋಡಿದಳು, ಮಡಚಿ ಪರ್ಸಿನಲ್ಲಿಟ್ಟುಕೊಂಡಳು. ಅಮ್ಮ ಮಡಿಸುವ ಕುರ್ಚಿಯಲ್ಲಿ ಕೂತು ಟ್ರ್ಯಾಕಿನ ಕಡೆ ನೋಡುತ್ತಿದ್ದಳು.

“ಸುತ್ತಿದ್ದೇ ಸುತ್ತೋದಾ ಇದು? ಇದ್ಕೆ ನಾಕ್ ವರ್ಸ ಬೇಕಾಯ್ತಾ?”

“ಹೂಂ ಕಣಮ್ಮ.”

“ಬಾ, ಚಿತ್ರಾನ್ನ ತಂದಿವ್ನಿ.”

ಆಗ ನೆನಪಾಯಿತು. ಕೊನೆಯ ಸುತ್ತಿನಲ್ಲಿ ಹಿಂದಿನ ಆಕ್ಸಲ್ಲಿನಿಂದ ಸಣ್ಣದಾಗಿ ಒಂದು ಕುಯ್ ಸದ್ದು ಬಂದಿತ್ತು. ನಿಜವಾಗಿಯೂ ಬಂದಿತ್ತು. ನನ್ನ ಕಣ್ಣು ಜಾಕ್ ಇದ್ದ ಕಡೆ ಹೋದದ್ದನ್ನು ಹೆಂಡತಿ ನೋಡಿದಳು. ಪಿಕಪ್ಪಿನ ಹಿಂದೆ, ಅವಳು ಮನೆಯಿಂದ ತಂದಿಟ್ಟ ನನ್ನ ಸ್ಪ್ಯಾನರುಗಳೂ ಇದ್ದವು, ಒಂದೊಂದಕ್ಕೂ ಕುಂಕುಮ ಮೆತ್ತಿತ್ತು.

“ಏನೋ ಸೌಂಡು ಅಲ್ವಾ? ಬಿಚ್ಚಿ. ಅತ್ತೆ ಕದಲಿಸಿದಾರೆ. ಈಗ ನಾನೂ ಬೇಡ ಅನ್ನಲ್ಲ.”

ನಾನು ಅಮ್ಮನ ಪಕ್ಕ ನೆಲದ ಮೇಲೆ ಕೂತು ತಟ್ಟೆಗೆ ಕೈಚಾಚಿದೆ.

“ಇರಲಿ ಬಿಡು, ಮುಂದಿನ ವಾರ ನೋಡಿದ್ರಾಯ್ತು” ಎಂದೆ.