ಎದುರು ಕಟ್ಟಡದ ಮಿಸ್

ಅವನನ್ನು ಎಲ್ಲರೂ ಬಣ್ಣದಣ್ಣ ಎಂದೇ ಕರೆಯುತ್ತಿದ್ದರು. ಎತ್ತರದ ಕಟ್ಟಡಗಳ ಹೊರಗೋಡೆಗೆ ಬಣ್ಣ ಬಳಿಯುವುದು ಅವನ ಕೆಲಸ. ತಾರಸಿಯಿಂದ ಎರಡು ದಪ್ಪ ಹಗ್ಗ ಇಳಿಬಿಟ್ಟು, ಅದಕ್ಕೊಂದು ಹಲಗೆ ಕಟ್ಟಿ, ಅದರ ಮೇಲೆ ಕೂತು ಸ್ವಲ್ಪಸ್ವಲ್ಪವೇ ಕೆಳಗಿಳಿಯುತ್ತ ಬರಬೇಕು. ಜೊತೆಯವರು ಆ ಹಲಗೆಯನ್ನು ಜೋಕಾಲಿ ಎನ್ನುತ್ತಿದ್ದರು. ಹೊಸಬರು ಅದರಲ್ಲಿ ಒಂದು ದಿನ ಕೂತು ಮಾರನೆಯ ದಿನ ನಾಪತ್ತೆಯಾಗುತ್ತಿದ್ದರು. ಇವನು ಮದುವೆಗೆ ಮುಂಚಿನಿಂದಲೂ ಅದರಲ್ಲೇ ಇದ್ದ. ತಲೆ ತಿರುಗುವುದಿಲ್ಲವೇ ಎಂದು ಯಾರಾದರೂ ಕೇಳಿದರೆ, "ಮೇಲಿದ್ದಾಗ ಏನೂ ಆಗಲ್ಲ, ಕೆಳಗಿಳಿದು ದಿನಸಿ ಅಂಗಡಿಗೆ ಹೋದ್ರೆ ತಿರುಗುತ್ತೆ" ಎನ್ನುತ್ತಿದ್ದ.

ಮಕ್ಕಳ ಓದಿನ ಚಿಂತೆ ಅವನಿಗೆ ಹತ್ತಿದ್ದು ಮನೆಯ ಹಿಂದಿನ ಬೀದಿಯ ಸರಕಾರಿ ಶಾಲೆಯನ್ನು ಮುಚ್ಚಿದಾಗ. ಗೋಡೆ ಬಿರುಕು ಬಿಟ್ಟಿದೆ ಎಂದು ಹೇಳಿ ಅಲ್ಲಿದ್ದ ಮಕ್ಕಳನ್ನೆಲ್ಲ ದೊಡ್ಡ ರಸ್ತೆಯ ಆಚೆಗಿರುವ ಇನ್ನೊಂದು ಸರಕಾರಿ ಶಾಲೆಗೆ ಕಳಿಸಿದರು. ಆ ರಸ್ತೆಯಲ್ಲಿ ಲಾರಿಗಳು ಯಾರನ್ನು ಕಂಡರೂ ನಿಲ್ಲುವುದಿಲ್ಲ. ಅವನ ಹೆಂಡತಿ ಬೆಳಕು ಹರಿಯುವ ಮುನ್ನವೇ ಎದ್ದು ಬೇಕರಿಯಲ್ಲಿ ಬ್ರೆಡ್ ಪ್ಯಾಕ್ ಮಾಡಲು ಹೋಗುವವಳು. ಮಕ್ಕಳನ್ನು ರಸ್ತೆ ದಾಟಿಸಲು ಮನೆಯಲ್ಲಿ ಯಾರೂ ಇರುತ್ತಿರಲಿಲ್ಲ. ಮಗಳು ಹನ್ನೊಂದು ದಾಟಿದ್ದಳು, ಚೂಟಿ. ಮಗ ಆಗಷ್ಟೇ ಒಂದನೇ ಕ್ಲಾಸಿಗೆ ಸೇರಬೇಕಾಗಿದ್ದವನು, ದಾರಿಯಲ್ಲಿ ನಾಯಿಮರಿ ಕಂಡರೆ ಅದರ ಹಿಂದೆಯೇ ಹೊರಟುಬಿಡುವ ಜಾತಿ. ಹತ್ತಿರದಲ್ಲೇ ಎಲ್ಲಾದರೂ ಖಾಸಗಿ ಶಾಲೆ ನೋಡೋಣ, ಹೊಟ್ಟೆಬಟ್ಟೆ ಕಟ್ಟಿಯಾದರೂ ಓದಿಸೋಣ ಎಂದು ಗಂಡ ಹೆಂಡತಿ ನಿರ್ಧರಿಸಿದರು.

ಮೊದಲು ಹೋದ ಶಾಲೆಯ ಗೇಟಿನಲ್ಲಿ ಕಾವಲುಗಾರ ಇವನ ಉಗುರಿನ ಸಂದಿಯ ಬಣ್ಣ ನೋಡಿ, ಕೆಲಸದವರು ಹಿಂದಿನ ಬಾಗಿಲಿಂದ ಹೋಗಬೇಕು ಎಂದ. ಹಿಂದಿನ ಬಾಗಿಲಿಂದಲೇ ಒಳಗೆ ಹೋಗಿ ಫೀಸು ವಿಚಾರಿಸಿದರು. ಕಿಟಕಿಯ ಆಚೆ ಕೂತಿದ್ದ ಹುಡುಗಿ ಹೇಳಿದ ಮೊತ್ತ ಕೇಳಿ ಅವನು, ಸ್ವಲ್ಪ ಹೆಚ್ಚಾಯಿತು, ಆದರೂ ಹತ್ತನೇ ಕ್ಲಾಸಿನವರೆಗೆ ಅಂದರೆ ಪರವಾಗಿಲ್ಲ ಎಂದ. ಹುಡುಗಿ ಅವನ ಮುಖವನ್ನೇ ನೋಡಿದಳು. ಅದು ಒಂದು ವರ್ಷದ್ದೂ ಅಲ್ಲ, ಅರ್ಧ ವರ್ಷದ ಫೀಸು.

ಇನ್ನೊಂದು ಕಡೆ ಮಕ್ಕಳಿಗಿಂತ ಮೊದಲು ತಂದೆತಾಯಿಗೇ ಪರೀಕ್ಷೆ. ಮಗುವಿನ ವ್ಯಕ್ತಿತ್ವ ಬೆಳೆಸಲು ನೀವೇನು ಮಾಡುತ್ತೀರಿ ಎಂದು ಕೇಳಿದಾಗ ಹೆಂಡತಿ ಗಾಬರಿಯಾಗಿ, "ದಿನಾ ತಲೆ ಬಾಚ್ತೀನಿ ಮೇಡಂ" ಎಂದುಬಿಟ್ಟಳು. ಆ ಮಾತು ಮನೆಯಲ್ಲಿ ಬಹಳ ಕಾಲ ತಮಾಷೆಯಾಗಿ ಉಳಿಯಿತು. ಆದರೆ ಅವತ್ತು ಅವಳು ಬಚ್ಚಲಿಗೆ ಹೋಗಿ ಅತ್ತಿದ್ದಳು.

ಕೊನೆಗೆ ಸಿಕ್ಕಿದ್ದು ಟೈರ್ ಅಂಗಡಿಯ ಮೇಲಿನ ಶಾಲೆ. ಹಳೆಯ ಮನೆಯೊಂದರ ಎರಡು ಮಹಡಿ, ಕೋಣೆಗೊಂದು ತರಗತಿ, ಅಡುಗೆಮನೆ ಇದ್ದಲ್ಲಿ ಆಫೀಸು. ನಡೆಸುತ್ತಿದ್ದವರು ವಯಸ್ಸಾದ ಹೆಂಗಸು. ಮಕ್ಕಳೂ ದೊಡ್ಡವರೂ ಅವರನ್ನು ದೊಡ್ಡ ಮೇಡಂ ಎನ್ನುತ್ತಿದ್ದರು. ಇವರಿಬ್ಬರನ್ನೂ ಮುಂದಿನ ಬಾಗಿಲಿಂದಲೇ ಕರೆದು, ಕುರ್ಚಿ ಕೊಟ್ಟು, ನೀರು ಕೊಟ್ಟರು. ಫೀಸು ಒಂದು ಮಗುವಿಗಾದರೆ ಕಷ್ಟಪಟ್ಟು ಕಟ್ಟಬಹುದು, ಇಬ್ಬರಿಗೆ ಆಗದು. ಇವನು ಅದನ್ನೇ ಹೇಳಿದ. ಮಗ ಸಣ್ಣವನು, ಇನ್ನೊಂದು ವರ್ಷ ಮನೆಯಲ್ಲೇ ಇರಲಿ ಎಂದು ಹೆಂಡತಿ ಮೆಲ್ಲಗೆ ಅಂದಳು. ಮಗಳು ಬಾಗಿಲ ಬಳಿ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು.

ಒಂದು ವಾರದ ನಂತರ ಮಗಳೇ ಸುದ್ದಿ ತಂದಳು. ಚೆನ್ನಾಗಿ ಓದುವ ಮಕ್ಕಳಿಗೆ ದೊಡ್ಡ ಮೇಡಂ ರಿಯಾಯಿತಿ ಕೊಡುತ್ತಾರಂತೆ, ತನ್ನ ಫೀಸು ಮಾಫಿಯಂತೆ, ತಮ್ಮನದು ಮಾತ್ರ ಕಟ್ಟಿದರೆ ಸಾಕಂತೆ. ಬಣ್ಣದಣ್ಣನ ಎದೆ ಉಬ್ಬಿತು. ಜೊತೆಯವರಿಗೆಲ್ಲ ಚಹಾ ಕೊಡಿಸಿದ. ಬೇಕರಿಯಲ್ಲಿ ಹೆಂಡತಿ ಸಿಕ್ಕಸಿಕ್ಕವರಿಗೆ ಹೇಳಿಕೊಂಡಳು. ಮಗಳು ಬೆಳಿಗ್ಗೆ ತಮ್ಮನ ಕೈ ಹಿಡಿದು ಹೊರಡುತ್ತಿದ್ದಳು, ಸಂಜೆ ಸುಸ್ತಾಗಿ ಬಂದು ಗೋಡೆಗೊರಗಿ ಕೂರುತ್ತಿದ್ದಳು. ಓದಿನ ಭಾರ ಎಂದುಕೊಂಡು ತಾಯಿ ಅವಳಿಗೆ ಮನೆಗೆಲಸ ಹೇಳುವುದನ್ನೇ ಬಿಟ್ಟಳು. ಚಿಕ್ಕವನು ಒಮ್ಮೊಮ್ಮೆ ಅಕ್ಕನನ್ನು "ಮಿಸ್" ಎಂದು ಕರೆದು ನಾಲಿಗೆ ಕಚ್ಚಿಕೊಳ್ಳುತ್ತಿದ್ದ. ಅದಕ್ಕೂ ಎಲ್ಲರೂ ನಕ್ಕಿದ್ದರು.

ಮಳೆಗಾಲ ಮುಗಿದ ಮೇಲೆ ಟೈರ್ ಅಂಗಡಿಯ ಎದುರಿನ ವಸತಿ ಕಟ್ಟಡಕ್ಕೆ ಬಣ್ಣ ಹೊಡೆಯುವ ಗುತ್ತಿಗೆ ಅವನ ಮೇಸ್ತ್ರಿಗೆ ಸಿಕ್ಕಿತು. ಮಕ್ಕಳ ಶಾಲೆಯ ಎದುರಿಗೇ ಕೆಲಸ. ಮನೆಯಲ್ಲಿ ಬಾಯಿ ಬಿಡಲಿಲ್ಲ. ಬಿಡುವಿನಲ್ಲಿ ಮೇಲಿಂದ ಕೈ ಬೀಸಿ ಮಕ್ಕಳನ್ನು ಬೆರಗಾಗಿಸಬೇಕು ಅನ್ನುವ ಹುಡುಗಾಟ ಅವನಿಗೆ.

ಬೆಳಿಗ್ಗೆ ಜೋಕಾಲಿಯಲ್ಲಿ ಕೂತು ನಾಲ್ಕನೇ ಮಹಡಿಯಿಂದ ಇಳಿಯತೊಡಗಿದ. ಮೂರನೆಯದಕ್ಕೆ ಬಂದಾಗ ಶಾಲೆಯ ಕಿಟಕಿಗಳು ಕಣ್ಣಳತೆಗೆ ಬಂದವು. ಬೀದಿ ಕಿರಿದು, ಒಳಗಿನದೆಲ್ಲ ಅಂಗೈ ನೆಲ್ಲಿಯಷ್ಟು ಸ್ಪಷ್ಟ. ಒಂದು ಕೋಣೆಯ ತುಂಬ ಪುಟ್ಟ ಮಕ್ಕಳು, ಒಬ್ಬರಿಗೊಬ್ಬರು ಅಂಟಿಕೊಂಡು ಕೂತಿದ್ದವು. ಕಪ್ಪು ಹಲಗೆಯ ಮುಂದೆ ಸೀಮೆಸುಣ್ಣ ಹಿಡಿದು ನಿಂತಿದ್ದವಳು ಅವನ ಮಗಳು.

ಪಾಠ ಓದಿ ಹೇಳಲು ಎಬ್ಬಿಸಿರಬೇಕು ಎಂದು ಮೊದಲಿಗೆ ಖುಷಿಪಟ್ಟ. ಬ್ರಶ್ ಅದ್ದಿ ಒಂದು ಪಟ್ಟೆ ಎಳೆದು ತಿರುಗಿದ. ಇನ್ನೂ ಅಲ್ಲೇ ಇದ್ದಳು. ಹಲಗೆ ಒರೆಸಿದಳು, ಮತ್ತೆ ಬರೆದಳು, ಒಂದು ಮಗುವಿನ ಮೂಗು ಒರೆಸಿದಳು, ಇನ್ನಿಬ್ಬರ ಜಗಳ ಬಿಡಿಸಿದಳು. ಯಾರೂ ಬರಲಿಲ್ಲ. ಗಂಟೆ ಹೊಡೆಯಿತು, ಅವಳು ಕದಲಲಿಲ್ಲ. ಗದ್ದಲ ಜೋರಾದಾಗ ಸ್ಕೇಲು ತೆಗೆದು ಮೇಜಿಗೆ ಬಡಿದಳು. ಕೋಣೆ ಗಪ್‌ಚಿಪ್ಪಾಯಿತು. ಮೊದಲ ಸಾಲಿನಲ್ಲಿ ಬೆರಳು ತುಟಿಗಿಟ್ಟುಕೊಂಡು ಕೂತಿದ್ದವನು ಚಿಕ್ಕವನು.

ಕಾಲ ಕೆಳಗಿನ ನೆಲ ಕುಸಿಯಿತು ಎನ್ನಲು ಅವನ ಕಾಲ ಕೆಳಗೆ ನೆಲವೇ ಇರಲಿಲ್ಲ. ಇಷ್ಟು ವರ್ಷದಲ್ಲಿ ಮೊದಲ ಸಲ ಅವನಿಗೆ ತಲೆ ತಿರುಗಿತು. ಎರಡೂ ಕೈಯಲ್ಲಿ ಹಗ್ಗ ಹಿಡಿದ. ಬಣ್ಣದ ಡಬ್ಬ ವಾಲಿ ಅರ್ಧ ಬಣ್ಣ ಗೋಡೆಯುದ್ದಕ್ಕೂ ಸುರಿಯಿತು. ಪಕ್ಕದ ಜೋಕಾಲಿಯಲ್ಲಿದ್ದ ಹಿರಿಯ ಜೊತೆಗಾರ ಏನಾಯಿತು ಎಂದು ಕೂಗಿದ. ಇವನು ಕಿಟಕಿಯ ಕಡೆ ಬೆರಳು ಮಾಡಿದ, ಅಷ್ಟೆ.

ಕೆಳಗಿಳಿದವನು ಮೈಗೆ ಮೆತ್ತಿದ ಬಣ್ಣದಲ್ಲೇ ರಸ್ತೆ ದಾಟಿ, ಮೆಟ್ಟಿಲು ಹತ್ತಿ ಆಫೀಸಿಗೆ ನುಗ್ಗಿದ. ದೊಡ್ಡ ಮೇಡಂ ಅಲ್ಲಿರಲಿಲ್ಲ. ಪಕ್ಕದ ಕೋಣೆಯಲ್ಲಿ ಎರಡು ತರಗತಿಯನ್ನು ಒಟ್ಟಿಗೆ ಕೂರಿಸಿಕೊಂಡು ಪಾಠ ಮಾಡುತ್ತಿದ್ದರು. ಇವನನ್ನು ನೋಡಿ ಹೊರಗೆ ಬಂದರು.

"ನನ್ನ ಮಗಳು ಅಲ್ಲಿ ಏನ್ ಮಾಡ್ತಿದ್ದಾಳೆ ಮೇಡಂ?"

"ಒಂದನೇ ಕ್ಲಾಸಿಗೆ ಪಾಠ" ಎಂದರು ಅವರು, ಹೊಸದೇನೂ ಅಲ್ಲ ಎನ್ನುವಂತೆ. ಇವನ ಮುಖ ನೋಡಿ ಅವರ ಮುಖವೂ ಬಿಳಿಚಿತು. "ನಿಮಗೆ ಗೊತ್ತಿಲ್ವಾ? ಅಪ್ಪ ಒಪ್ಪಿದಾರೆ ಅಂತ ಅವಳೇ ಹೇಳಿದ್ದು."

ಆಮೇಲೆ ಅವರು ಬಿಡಿಸಿ ಹೇಳಿದ್ದು ಇಷ್ಟು. ಶಾಲೆ ಶುರುವಾಗುವ ಹೊತ್ತಿಗೆ ಇಬ್ಬರು ಟೀಚರ್‌ಗಳು ಹೆಚ್ಚಿನ ಸಂಬಳ ಸಿಕ್ಕಿತೆಂದು ಬಿಟ್ಟುಹೋಗಿದ್ದರು. ಇವರು ಕೊಡುವ ಸಂಬಳಕ್ಕೆ ಬೇರೆ ಯಾರೂ ಬರಲಿಲ್ಲ. ಆಗ ಈ ಹುಡುಗಿ ಒಬ್ಬಳೇ ಆಫೀಸಿಗೆ ಬಂದು, ಚಿಕ್ಕ ಮಕ್ಕಳನ್ನು ನಾನು ನೋಡಿಕೊಳ್ಳುತ್ತೇನೆ, ನನಗೆ ಫೀಸು ಬೇಡ ಅನ್ನಿ, ತಮ್ಮನನ್ನೂ ಸೇರಿಸಿಕೊಳ್ಳಿ ಎಂದಿದ್ದಳು. ಒಂದೆರಡು ವಾರಕ್ಕೆಂದು ಮೇಡಂ ಒಪ್ಪಿದರು. ಹೊಸ ಟೀಚರ್ ಸಿಗಲೇ ಇಲ್ಲ.

ಬೈಯಬೇಕೆಂದು ಬಂದಿದ್ದವನು ಗೋಡೆ ಹಿಡಿದು ನಿಂತ. ಮೋಸ ಮಾಡಿದವರು ಯಾರೆಂದು ಹುಡುಕಿದರೆ ಸಿಕ್ಕಿದ್ದು ಅವನದೇ ಮಗಳು. ಅಂಗಡಿಯಲ್ಲಿ ಚೌಕಾಸಿ ಮಾಡಲೂ ನಾಚುವ ಹುಡುಗಿ, ತನ್ನನ್ನೇ ಒತ್ತೆಯಿಟ್ಟು ತಮ್ಮನಿಗೆ ಸೀಟು ತಂದಿದ್ದಳು. ಅಪ್ಪ ಅಮ್ಮ ಇಬ್ಬರೂ ಅದನ್ನೇ ಊರಿಗೆಲ್ಲ ಸಾರಿಕೊಂಡು ತಿರುಗಿದ್ದರು.

ಅವತ್ತು ಸಂಜೆ ತಾಯಿ ಕೇಳಿದಾಗ ಮಗಳು ಸುಳ್ಳು ಹೇಳಲಿಲ್ಲ. ತನ್ನ ಕ್ಲಾಸಿನಲ್ಲಿ ಕೂರುವುದು ಊಟದ ನಂತರ ಮಾತ್ರ, ಅದೂ ಚಿಕ್ಕವರು ಮನೆಗೆ ಹೋದ ಮೇಲೆ. ಅಷ್ಟರಲ್ಲಿ ಗಣಿತ, ವಿಜ್ಞಾನ ಎರಡೂ ಮುಗಿದಿರುತ್ತಿದ್ದವು.

"ಗಣಿತದ ಪುಸ್ತಕ ಅರ್ಧಕ್ಕರ್ಧ ತೆಗ್ದೇ ಇಲ್ಲಮ್ಮ" ಎಂದಳು, ತಲೆ ಎತ್ತದೆ.

"ಯಾಕೆ ಹೇಳ್ಲಿಲ್ಲ ಕಣೇ?"

"ಹೇಳಿದ್ರೆ ಇವನನ್ನ ಮನೇಲೇ ಬಿಡ್ತಿದ್ರಿ."

ತಾಯಿ ಕೈಯಲ್ಲಿದ್ದ ತಟ್ಟೆಯನ್ನು ಹಾಗೇ ಹಿಡಿದುಕೊಂಡು ಗಂಡನ ಕಡೆ ನೋಡಿದಳು. ಅವನು ಗೋಡೆ ನೋಡಿದ. ಚಿಕ್ಕವನೊಬ್ಬ ಮಾತ್ರ ಅನ್ನ ಕಲಸುತ್ತ, ಮಿಸ್ ಚೆನ್ನಾಗಿ ಪಾಠ ಮಾಡ್ತಾರೆ ಎಂದು ಅಕ್ಕನ ಪರ ನಿಂತ.

ನಾಳೆಯಿಂದ ನೀನು ನಿನ್ನ ಕ್ಲಾಸಿನಲ್ಲಿ ಕೂರಬೇಕು ಎಂದು ಅಪ್ಪ ಹೇಳಿದ. ಆದರೆ ಹಾಗೆ ಕೂತರೆ ಫೀಸು ಕಟ್ಟಬೇಕು. ಎಷ್ಟು ಯೋಚಿಸಿದರೂ ಸುತ್ತಿಬಳಸಿ ಅಲ್ಲಿಗೇ ಬಂದು ನಿಲ್ಲುತ್ತಿತ್ತು. ಕೊನೆಗೆ ಮಗಳು ರಸ್ತೆಯಾಚೆಯ ಸರಕಾರಿ ಶಾಲೆಗೆ, ಮಗ ಇಲ್ಲೇ ಎಂದಾಯಿತು. ಬೆಳಿಗ್ಗೆ ತಾನೇ ಮಗನನ್ನು ಶಾಲೆಗೆ ಬಿಟ್ಟು, ಅವಳನ್ನು ರಸ್ತೆ ದಾಟಿಸಿ ಕೆಲಸಕ್ಕೆ ತಡವಾಗಿ ಹೋಗುವುದೆಂದು ಮೇಸ್ತ್ರಿಯ ಕೈಕಾಲು ಹಿಡಿದು ಒಪ್ಪಿಸಿದ. ಆ ಶಾಲೆಯಲ್ಲಿ ಟೀಚರ್‌ಗಳಿದ್ದರು, ಆದರೆ ಇವಳಿಗೆ ಕೇಳಿದ ಲೆಕ್ಕ ಒಂದೂ ಬಾರದ್ದರಿಂದ ಒಂದು ಕ್ಲಾಸು ಹಿಂದಕ್ಕೆ ಹಾಕಿದರು. ತನಗಿಂತ ಸಣ್ಣವರ ನಡುವೆ ಕೂತ ಹುಡುಗಿ ಅಪ್ಪನೊಂದಿಗೆ ಮಾತು ಬಿಟ್ಟಳು. ರಸ್ತೆ ದಾಟುವಾಗ ಕೈ ಕೊಡುತ್ತಿದ್ದಳು, ಆಚೆ ದಡ ಮುಟ್ಟಿದ ಕೂಡಲೇ ಬಿಡಿಸಿಕೊಳ್ಳುತ್ತಿದ್ದಳು.

ಅವನಿಗೆ ಎರಡನೇ ಪೆಟ್ಟು ಬಿದ್ದದ್ದು ಆ ವಾರವೇ. ಜೋಕಾಲಿಯಲ್ಲಿ ಮತ್ತೆ ಮೂರನೇ ಮಹಡಿಗೆ ಇಳಿದಾಗ, ನೋಡಬಾರದು ಎಂದುಕೊಂಡೇ ಎದುರು ಕಿಟಕಿ ನೋಡಿದ. ಹಲಗೆಯ ಮುಂದೆ ಇನ್ನೊಬ್ಬ ಹುಡುಗಿ. ಎರಡು ಜಡೆ, ಅದೇ ಸಮವಸ್ತ್ರ, ಕೈಯಲ್ಲಿ ಅದೇ ಸ್ಕೇಲು. ಅವಳು ಕೆಳಗಿನ ಟೈರ್ ಅಂಗಡಿಯವನ ಮಗಳು.

ಜೊತೆಗಾರ ಸುಮ್ಮನಿರು ಎಂದ. ನಿನ್ನ ಮಗಳನ್ನು ಬಿಡಿಸಿದ್ದಾಯಿತು, ಬೇರೆಯವರ ಉಸಾಬರಿ ನಿನಗ್ಯಾಕೆ, ಸುಮ್ಮನೆ ಮಗನ ಸೀಟಿಗೂ ಕುತ್ತು ಎಂದ. ಮಾತು ಸರಿಯಾಗಿಯೇ ಇತ್ತು. ಮಧ್ಯಾಹ್ನದವರೆಗೆ ಬಣ್ಣದಣ್ಣ ಗೋಡೆಗೆ ಮುಖ ಮಾಡಿ ಬಣ್ಣ ಬಳಿದ. ಊಟದ ಹೊತ್ತಿಗೆ ಕೆಳಗಿಳಿದು ನೇರ ಟೈರ್ ಅಂಗಡಿಗೆ ಹೋದ.

ಅಂಗಡಿಯವನು ಮೊದಲು ನಂಬಲಿಲ್ಲ. ತನ್ನ ತಲೆಯ ಮೇಲಿನ ಮಹಡಿಯಲ್ಲೇ ನಡೆಯುವುದು ತನಗೆ ಗೊತ್ತಾಗದೆ ಇದ್ದೀತೇ ಎಂದು ನಕ್ಕ. ನಂತರ ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟು, ಬರಿಗಾಲಲ್ಲೇ ಮೇಲೆ ಹತ್ತಿದ.

ಆ ಭಾನುವಾರ ಶಾಲೆಯಲ್ಲಿ ತಂದೆತಾಯಂದಿರು ಸೇರಿದರು. ಕೆಲವರು ಕೂಗಾಡಿದರು, ಕೆಲವರು ಅಲ್ಲೇ ಮಕ್ಕಳ ಹೆಸರು ತೆಗೆಸಿದರು. ದೊಡ್ಡ ಮೇಡಂ ತಪ್ಪು ನನ್ನದೇ ಎಂದರು. ನೀವು ಕೊಡುವ ಫೀಸಿಗೆ ಬರುವ ಒಬ್ಬ ಟೀಚರ್ ತೋರಿಸಿ, ನಾಳೆಯೇ ಸೇರಿಸಿಕೊಳ್ಳುತ್ತೇನೆ ಎಂದೂ ಹೇಳಿದರು. ಎಳೆದಾಡಿ, ಕೊನೆಗೆ ದೊಡ್ಡ ತರಗತಿಗಳನ್ನು ಮುಚ್ಚುವುದು, ನಾಲ್ಕನೇ ಕ್ಲಾಸಿನವರೆಗೆ ಮಾತ್ರ ನಡೆಸುವುದು, ಇರುವ ಟೀಚರ್‌ಗಳನ್ನು ಅಲ್ಲಿಗೇ ಹಾಕುವುದು ಎಂದು ತೀರ್ಮಾನವಾಯಿತು. ದೊಡ್ಡ ಮಕ್ಕಳು ಚೆಲ್ಲಾಪಿಲ್ಲಿಯಾದರು. ಟೈರ್ ಅಂಗಡಿಯವನ ಮಗಳು ಎಲ್ಲಿಗೂ ಸೇರದೆ ಸ್ವಲ್ಪ ದಿನ ಅಂಗಡಿಯಲ್ಲೇ ಕೂತಿದ್ದಳು. ಅಂಗಡಿಯವನು ಬಣ್ಣದಣ್ಣನ ಕೈಹಿಡಿದು ಥ್ಯಾಂಕ್ಸ್ ಹೇಳಲಿಲ್ಲ. ಎದುರು ಸಿಕ್ಕರೆ ಮುಖ ತಿರುಗಿಸುತ್ತಿದ್ದ. ತಾನು ಮಾಡಿದ್ದು ಒಳ್ಳೆಯದೋ ಕೆಟ್ಟದ್ದೋ ಬಣ್ಣದಣ್ಣನಿಗೆ ಇವತ್ತಿಗೂ ಬಗೆಹರಿದಿಲ್ಲ. ಯಾವ ಊರಿನ ಯಾವ ಶಾಲೆಯ ಎದುರು ಜೋಕಾಲಿ ಕಟ್ಟಿದರೂ, ಕಪ್ಪು ಹಲಗೆಯ ಮುಂದೆ ನಿಂತವರ ವಯಸ್ಸೆಷ್ಟು ಎಂದು ಮೊದಲು ನೋಡಿಕೊಳ್ಳುತ್ತಾನೆ.

ಮಗಳ ಮೌನ ಮುರಿದದ್ದು ಬಹಳ ದಿನಗಳ ನಂತರ. ಒಂದು ಸಂಜೆ ಅವನು ಶಾಲೆಯ ಗೇಟಿಗೆ ಹೋದಾಗ ಅವಳು ಕಣ್ಣು ಕೆಂಪಗೆ ಮಾಡಿಕೊಂಡು ಹೊರಬಂದಳು. ಏನಾಯಿತು ಎಂದು ಎರಡು ಸಲ ಕೇಳಿದ ಮೇಲೆ ಬಾಯಿಬಿಟ್ಟಳು. ಪಕ್ಕದವಳ ಜೊತೆ ಕಿಸಿಕಿಸಿ ನಗುತ್ತಿದ್ದಳೆಂದು ಟೀಚರ್ ಇಡೀ ಪೀರಿಯಡ್ ಹೊರಗೆ ನಿಲ್ಲಿಸಿದ್ದರಂತೆ.

"ನಂದೇನೂ ತಪ್ಪಿಲ್ಲ ಅಪ್ಪ. ಮೊದಲು ನಗಿಸಿದ್ದು ಅವಳು" ಎಂದು ಬಿಕ್ಕಿದಳು.

ಅವನಿಗೆ ನಗು ತಡೆಯಲಾಗಲಿಲ್ಲ. ನಗುತ್ತಿದ್ದಂತೆಯೇ ಕಣ್ಣಲ್ಲಿ ನೀರೂ ಬಂತು. ಅವಳು ಇನ್ನಷ್ಟು ಸಿಟ್ಟಾಗಿ, ಹೋಗಪ್ಪ ಎಂದು ಅವನ ತೋಳಿಗೆ ಗುದ್ದಿದಳು. ಲಾರಿಗಳ ಸಾಲು ಮುಗಿಯುವವರೆಗೆ ಇಬ್ಬರೂ ರಸ್ತೆಯ ಅಂಚಿನಲ್ಲಿ ನಿಂತಿದ್ದರು, ಅವಳು ಆ ಪಕ್ಕದವಳ ಮೇಲೆ ದೂರು ಹೇಳುತ್ತಲೇ ಇದ್ದಳು.